ಹಲ್ಲೆ, ಲೈಂಗಿಕ ದೌರ್ಜನ್ಯ ನಡೆದಾಗ ಏನು ಮಾಡಬೇಕು? ಆಸ್ಪತ್ರೆಯಿಂದ ಕೋರ್ಟಿನವರೆಗೆ ಹಂತ ಹಂತವಾಗಿ

"ಠಾಣೆಗೆ ಹೋದೆ, ದೂರು ತಗೊಳ್ಳಲಿಲ್ಲ. ಈಗ ಏನ್ ಮಾಡ್ಲಿ?" "ಸ್ನಾನ ಮಾಡಿಬಿಟ್ಟೆ, ಬಟ್ಟೆನೂ ಒಗೆದುಬಿಟ್ಟೆ. ಇನ್ನು ಕೇಸು ನಿಲ್ಲುತ್ತಾ?" "ಹೊಡೆದವನು ಗಂಡ. ಅದಕ್ಕೂ ಕಾನೂನು ಇದೆಯಾ?"

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಒಬ್ಬೊಬ್ಬರಿಗೆ ಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ, ನಡೆಯುವ ಕ್ರಮದಲ್ಲೇ ಹೇಳುತ್ತೇನೆ. ನಿಮಗೆ ಆಗಿರಬಹುದು, ತಂಗಿಗೆ ಆಗಿರಬಹುದು, ಪಕ್ಕದ ಮನೆಯವರಿಗೆ ಆಗಿರಬಹುದು. ಕೈಕಾಲು ನಡುಗುವ ಹೊತ್ತಿನಲ್ಲಿ ಕಾನೂನು ಪುಸ್ತಕ ತೆಗೆದು ಓದಲು ಯಾರಿಂದಲೂ ಆಗಲ್ಲ.

ನೀವು ಈಗಲೇ ಅಪಾಯದಲ್ಲಿದ್ದರೆ ಓದುವುದು ಆಮೇಲೆ. ಮೊದಲು 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಮಕ್ಕಳ ವಿಷಯವಾದರೆ 1098. ಉಚಿತ ಕಾನೂನು ನೆರವಿಗೆ 15100. ಫೋಟೊ, ವಿಡಿಯೊ ಇಟ್ಟುಕೊಂಡು ಯಾರಾದರೂ ಬೆದರಿಸುತ್ತಿದ್ದರೆ 1930.

ಮೊದಲು ಕೆಲವು ಹೆಸರುಗಳು

2024ರ ಜುಲೈ 1ರಿಂದ ಹಳೆಯ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಠಾಣೆಯಲ್ಲಿ ಇದನ್ನು ಬಿಎನ್‌ಎಸ್ ಅಂತಾರೆ. ಯಾವುದು ಅಪರಾಧ, ಶಿಕ್ಷೆ ಎಷ್ಟು ಅನ್ನುವುದು ಅದರಲ್ಲಿದೆ. ಪೊಲೀಸರು, ಕೋರ್ಟು ಹೇಗೆ ನಡೆದುಕೊಳ್ಳಬೇಕು ಅನ್ನುವುದು ಇನ್ನೊಂದರಲ್ಲಿದೆ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್. ಘಟನೆ ಆ ತಾರೀಖಿಗಿಂತ ಮುಂಚೆ ನಡೆದಿದ್ದರೆ ಅಪರಾಧಕ್ಕೆ ಐಪಿಸಿಯ ಕಲಂಗಳೇ ಅನ್ವಯಿಸುತ್ತವೆ. ದೂರು ಕೊಡಲು ಅದರಿಂದ ಏನೂ ಅಡ್ಡಿಯಿಲ್ಲ.

ವಿದೇಶಿ ಧಾರಾವಾಹಿ ನೋಡಿದವರು "ಅಸಾಲ್ಟ್ ಅಂಡ್ ಬ್ಯಾಟರಿ" ಬಗ್ಗೆ ಕೇಳುತ್ತಾರೆ. ಬ್ಯಾಟರಿ ಅನ್ನುವ ಹೆಸರಿನ ಅಪರಾಧ ನಮ್ಮ ಕಾನೂನಿನಲ್ಲಿಲ್ಲ. ನಾವು ಹೊಡೆತ ಬಡಿತಕ್ಕೆಲ್ಲ ಹಲ್ಲೆ ಎಂಬ ಒಂದೇ ಪದ ಬಳಸುತ್ತೇವೆ. ಕಾನೂನು ಅದನ್ನು ಬೇರೆ ಬೇರೆ ಮಾಡಿ ನೋಡುತ್ತದೆ. ಕೈ ಎತ್ತಿ ಹೊಡೆಯಲು ಬಂದರೆ ಸಾಕು, ಮೈ ಮುಟ್ಟದಿದ್ದರೂ ಅದು 'ಅಸಾಲ್ಟ್'. ಹೊಡೆದು ನೋವಾದರೆ 'ಸಾಮಾನ್ಯ ಗಾಯ', ಕಲಂ 115. ಇದಕ್ಕೆ 1 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೂಳೆ ಮುರಿದರೆ, ಕೀಲು ತಪ್ಪಿದರೆ, ಕಣ್ಣು ಕಿವಿ ಹೋದರೆ, ಮುಖ ಶಾಶ್ವತವಾಗಿ ವಿಕಾರವಾದರೆ 'ತೀವ್ರ ಗಾಯ', ಕಲಂ 117. ಶಿಕ್ಷೆ 7 ವರ್ಷದವರೆಗೆ. ಹಲ್ಲು ಮುರಿದರೂ ಇದೇ ಪಟ್ಟಿಗೆ ಸೇರುತ್ತದೆ. ಎಷ್ಟೋ ಜನ ಅದನ್ನು "ಬರೀ ಹಲ್ಲು" ಅಂತ ಬಿಟ್ಟುಬಿಡುತ್ತಾರೆ, ಬಿಡಬೇಡಿ. 15 ದಿನ ವಿಪರೀತ ನೋವು ಇದ್ದರೆ, ಅಥವಾ ಅಷ್ಟು ದಿನ ದಿನನಿತ್ಯದ ಕೆಲಸ ಮಾಡಲು ಆಗದಿದ್ದರೆ ಅದೂ ತೀವ್ರ ಗಾಯವೇ. ಚಾಕು, ಮಚ್ಚಿನಂಥ ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದರೆ ಕಲಂ 118 ಬೀಳುತ್ತದೆ. ಆ್ಯಸಿಡ್ ದಾಳಿಗೆ ಕಲಂ 124, ಕನಿಷ್ಠ 10 ವರ್ಷ.

ಲೈಂಗಿಕ ಅಪರಾಧಗಳಲ್ಲೂ ಹೀಗೇ ವಿಂಗಡಣೆ ಇದೆ. ಮಾನಭಂಗದ ಉದ್ದೇಶದಿಂದ ಹೆಣ್ಣಿನ ಮೈಮೇಲೆ ಕೈ ಹಾಕುವುದು ಕಲಂ 74, 1ರಿಂದ 5 ವರ್ಷ ಜೈಲು. ಲೈಂಗಿಕ ಕಿರುಕುಳ ಕಲಂ 75. ಬಟ್ಟೆ ಎಳೆಯುವುದು 76. ಕದ್ದು ನೋಡುವುದು, ಚಿತ್ರ ತೆಗೆಯುವುದು 77. ಬೇಡ ಅಂದರೂ ಹಿಂಬಾಲಿಸುವುದು, ಮೆಸೇಜ್ ಮಾಡಿ ಕಾಡುವುದು 78. ಅತ್ಯಾಚಾರದ ವ್ಯಾಖ್ಯೆ 63ರಲ್ಲಿದೆ, ಶಿಕ್ಷೆ 64ರಲ್ಲಿ: ಕನಿಷ್ಠ 10 ವರ್ಷದಿಂದ ಜೀವಾವಧಿವರೆಗೆ. ಸಾಮೂಹಿಕ ಅತ್ಯಾಚಾರಕ್ಕೆ ಕಲಂ 70, ಕನಿಷ್ಠ 20 ವರ್ಷ.

ಒಪ್ಪಿಗೆ ಅಂದರೆ ಏನು ಅನ್ನುವುದನ್ನೂ 63ರಲ್ಲೇ ಹೇಳಿದ್ದಾರೆ. ಮಾತಿನಲ್ಲೋ ಸನ್ನೆಯಲ್ಲೋ ಸ್ಪಷ್ಟವಾಗಿ, ತಾನಾಗಿಯೇ ಕೊಟ್ಟದ್ದು ಮಾತ್ರ ಒಪ್ಪಿಗೆ. ಹೆದರಿ ಸುಮ್ಮನಿದ್ದರೆ ಅದು ಒಪ್ಪಿಗೆಯಲ್ಲ. ಎದುರಿಸಿ ಹೊಡೆದಾಡಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿದ್ದಳು ಅಂತ ಹೇಳುವಂತಿಲ್ಲ ಎಂದು ಕಾನೂನೇ ಬರೆದಿಟ್ಟಿದೆ. "ನೀನ್ಯಾಕೆ ಕಿರುಚಲಿಲ್ಲ?" ಅಂತ ಯಾರಾದರೂ ಕೇಳಿದರೆ ನೀವು ಅಪರಾಧಿಯಂತೆ ತಲೆ ತಗ್ಗಿಸಬೇಕಾಗಿಲ್ಲ.

ಇನ್ನು ನಡೆಯಬೇಕಾದ ದಾರಿ. ಪ್ರತಿ ಹಂತದಲ್ಲೂ ಒಂದು ಮಾತು ನೆನಪಿರಲಿ. ಎಲ್ಲಿಗೇ ಹೋಗಿ, ಏನೇ ಹೇಳಿ, ಅದು ಕಾಗದದ ಮೇಲೆ ಬರಬೇಕು, ಆ ಕಾಗದದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ನಾನು ಕಂಡ ಮಟ್ಟಿಗೆ ಕೇಸುಗಳು ಸೊರಗುವುದು ಹೆಚ್ಚಾಗಿ ಇಲ್ಲೇ.

1. ಸುರಕ್ಷಿತ ಜಾಗ, ಜೊತೆಗೊಬ್ಬರು

ಘಟನೆ ನಡೆದ ಜಾಗದಿಂದ ದೂರ ಬನ್ನಿ. ನಂಬುವ ಒಬ್ಬರಿಗೆ ಫೋನ್ ಮಾಡಿ ಕರೆಸಿಕೊಳ್ಳಿ. ಮನೆಯವರಿಗೆ ಹೇಳಲು ಭಯವಾದರೆ ಗೆಳತಿ ಆಗಬಹುದು, ಆಶಾ ಕಾರ್ಯಕರ್ತೆ ಆಗಬಹುದು, ಟೀಚರ್ ಆಗಬಹುದು. ಹೋಗಲು ಜಾಗವೇ ಇಲ್ಲ ಅಂದರೆ ಜಿಲ್ಲಾ ಮಟ್ಟದಲ್ಲಿ 'ಸಖಿ' ಒನ್ ಸ್ಟಾಪ್ ಸೆಂಟರ್ ಇದೆ. ಚಿಕಿತ್ಸೆ, ಆಪ್ತ ಸಮಾಲೋಚನೆ, ಪೊಲೀಸ್ ನೆರವು, ವಕೀಲರ ಸಲಹೆ, ಕೆಲವು ದಿನ ತಂಗಲು ಜಾಗ ಎಲ್ಲವೂ ಒಂದೇ ಕಡೆ ಸಿಗಲಿ ಅಂತಲೇ ಮಾಡಿದ್ದು. 181ಕ್ಕೆ ಕರೆ ಮಾಡಿದರೆ ಹತ್ತಿರದ ಕೇಂದ್ರ ಎಲ್ಲಿದೆ ಹೇಳುತ್ತಾರೆ.

ನಿಮ್ಮ ಹತ್ತಿರ ಬೇರೆಯವರು ಬಂದು ಹೇಳಿಕೊಂಡಿದ್ದರೆ ಅವರನ್ನು ನಂಬಿ, ಸುಮ್ನೆ ಕೇಳಿಸಿಕೊಳ್ಳಿ. ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋದೆ ಅನ್ನುವ ಪ್ರಶ್ನೆ ಬೇಡ.

2. ಆಸ್ಪತ್ರೆ, ಠಾಣೆಗಿಂತ ಮೊದಲು ಹೋದರೂ ಸರಿ

ತುಂಬಾ ಜನರಿಗೆ ಗೊತ್ತಿಲ್ಲದ ಸಂಗತಿ: ಪರೀಕ್ಷೆಗೆ ಪೊಲೀಸರ ಪತ್ರ ತಂದೇ ಬರಬೇಕು ಅಂತಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ನೇರವಾಗಿ ಆಸ್ಪತ್ರೆಗೆ ಹೋಗಬಹುದು. "ಮೊದಲು ಎಫ್‌ಐಆರ್ ಮಾಡಿಸಿಕೊಂಡು ಬನ್ನಿ" ಅಂತ ಆಸ್ಪತ್ರೆ ವಾಪಸ್ ಕಳಿಸುವಂತಿಲ್ಲ. ಅತ್ಯಾಚಾರ, ಆ್ಯಸಿಡ್ ದಾಳಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಇವುಗಳಲ್ಲಿ ಸರ್ಕಾರಿ ಇರಲಿ, ಖಾಸಗಿ ಇರಲಿ, ಕೂಡಲೇ ಉಚಿತವಾಗಿ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ಚಿಕಿತ್ಸೆ ಕೊಡಬೇಕು. ಇದು ಬಿಎನ್‌ಎಸ್‌ಎಸ್ ಕಲಂ 397. ಕೊಡದಿದ್ದರೆ ಆಸ್ಪತ್ರೆ ನಡೆಸುವವರಿಗೆ ಬಿಎನ್‌ಎಸ್ ಕಲಂ 200ರ ಪ್ರಕಾರ 1 ವರ್ಷದವರೆಗೆ ಜೈಲಾಗಬಹುದು. ಅದೇ 397 ಇನ್ನೊಂದು ಮಾತನ್ನೂ ಹೇಳುತ್ತದೆ. ಇಂಥ ಪ್ರಕರಣ ಬಂದಾಗ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ ಪೊಲೀಸರು ಅಲ್ಲಿಗೆ ಬಂದರೆ ಗಾಬರಿ ಬೇಡ.

ಹೋಗುವ ಮುಂಚೆ ಆದಷ್ಟು ಸ್ನಾನ ಮಾಡಬೇಡಿ. ಬಟ್ಟೆ ಬದಲಿಸಬೇಡಿ. ಬದಲಿಸಲೇಬೇಕಾದರೆ ಆ ಬಟ್ಟೆ ಒಗೆಯದೆ ತೆಗೆದಿಡಿ. ಒದ್ದೆಯಿದ್ದರೆ ನೆರಳಿನಲ್ಲಿ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಪೇಪರಿನಲ್ಲಿ ಸುತ್ತಿಡಿ. ಕಿರಾಣಿ ಅಂಗಡಿಯ ಕಾಗದದ ಚೀಲ ಇದ್ದರೂ ಆಯ್ತು, ಹಳೆಯ ದಿನಪತ್ರಿಕೆ ಆದರೂ ಆಯ್ತು. ಪ್ಲಾಸ್ಟಿಕ್ ಕವರ್ ಬೇಡ. ಅದರೊಳಗೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ, ಸಾಕ್ಷ್ಯ ಹಾಳಾಗುತ್ತದೆ.

ಸ್ನಾನ ಮಾಡಿಬಿಟ್ಟಿದ್ದರೆ? ಆಗಲೂ ಹೋಗಿ. ಗಾಯದ ಗುರುತು ಇರುತ್ತದೆ, ಬೇರೆ ಸಾಕ್ಷ್ಯವೂ ಸಿಗಬಹುದು. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಂತೆ ಮಾದರಿ ಸಂಗ್ರಹಕ್ಕೆ ಸುಮಾರು 96 ಗಂಟೆ ಅಂದರೆ ನಾಲ್ಕು ದಿನದವರೆಗೆ ಅವಕಾಶ ಇದೆ. ಅದು ದಾಟಿದ್ದರೂ ಚಿಕಿತ್ಸೆ, ಗಾಯದ ದಾಖಲೆ ಎರಡೂ ನಿಮ್ಮ ಹಕ್ಕು.

ಕೆಲವು ಔಷಧಕ್ಕೆ ಮಾತ್ರ ಗಡಿಯಾರ ನೋಡಬೇಕು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ತಗೊಳ್ಳಬೇಕು. ಗರ್ಭ ತಡೆಯುವ ತುರ್ತು ಮಾತ್ರೆಯೂ ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ವೈದ್ಯರು ತಾವಾಗಿಯೇ ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ಗರ್ಭ ನಿಂತಿದ್ದರೆ, ಅತ್ಯಾಚಾರಕ್ಕೆ ಒಳಗಾದವರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಕಾನೂನು ಅವಕಾಶ ಕೊಡುತ್ತದೆ.

ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕೇ ಬೇಕು. ಯಾವುದಾದರೂ ಒಂದು ಭಾಗ ಬೇಡ ಅಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. 'ಎರಡು ಬೆರಳ ಪರೀಕ್ಷೆ' ಅಂತ ಒಂದಿತ್ತು. ಹೆಣ್ಣಿಗೆ ಮುಂಚೆ ಸಂಬಂಧ ಇತ್ತಾ ಅಂತ ನೋಡುವ ನೆಪದ ಪರೀಕ್ಷೆ. ಅದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ, ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಕಟ್ಟುನಿಟ್ಟಾಗಿ ಹೇಳಿದೆ. ಯಾರಾದರೂ ಮಾಡಲು ಬಂದರೆ ಬೇಡ ಅನ್ನಿ, ಜೊತೆಗಿದ್ದವರಿಗೆ ಹೇಳಿ, ಬರೆದಿಟ್ಟುಕೊಳ್ಳಿ.

ಬರೀ ಹೊಡೆತದ ಪ್ರಕರಣವಾದರೆ ಆಸ್ಪತ್ರೆಯಲ್ಲಿ "ಎಂಎಲ್‌ಸಿ ಮಾಡಿ" ಅಂತ ಕೇಳಿ. ಎಂಎಲ್‌ಸಿ ಅಂದರೆ ಇದು ಪೊಲೀಸ್ ಕೇಸಾಗಬಹುದಾದ ಗಾಯ ಅಂತ ಆಸ್ಪತ್ರೆಯ ವಹಿಯಲ್ಲಿ ನೋಂದಾಯಿಸುವುದು. ಮುಂದೆ ಇದರ ಮೇಲೆಯೇ ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯದ ಪ್ರಮಾಣಪತ್ರ ಬರುತ್ತದೆ. ಗಾಯ ಸಾಮಾನ್ಯವೋ ತೀವ್ರವೋ ಅನ್ನುವುದಕ್ಕೆ ಅದೇ ಮುಖ್ಯ ಆಧಾರ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ನಾಚಿಕೆಗೋ ಮನೆಯವರ ಭಯಕ್ಕೋ "ಬಚ್ಚಲಲ್ಲಿ ಜಾರಿ ಬಿದ್ದೆ" ಅಂದುಬಿಡುವುದು. ವೈದ್ಯರು ಅದನ್ನೇ ಬರೆಯುತ್ತಾರೆ. ಎರಡು ವರ್ಷದ ನಂತರ ಎದುರು ವಕೀಲ ಆ ಸಾಲನ್ನೇ ಕೋರ್ಟಿನಲ್ಲಿ ಗಟ್ಟಿಯಾಗಿ ಓದುತ್ತಾನೆ. ಯಾರು ಹೊಡೆದರು, ಯಾವುದರಿಂದ ಹೊಡೆದರು ಅನ್ನುವುದನ್ನು ಇದ್ದಂತೆ ಹೇಳಿ. ಕತ್ತು ಹಿಸುಕಿದ್ದರೆ ಅದನ್ನು ತಪ್ಪದೆ ಹೇಳಿ, ಹೊರಗೆ ಗುರುತು ಕಾಣದಿದ್ದರೂ ಸರಿ. ಗಾಯದ ಫೋಟೊ ಅವತ್ತೂ ತೆಗೆಯಿರಿ, ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ತೆಗೆಯಿರಿ. ಕಂದು ಕಟ್ಟುವುದು ಆಮೇಲೆಯೇ ಚೆನ್ನಾಗಿ ಕಾಣುತ್ತದೆ.

3. ದೂರನ್ನು ನೀವೇ ಬರೆಯಿರಿ

ಬಾಯಲ್ಲಿ ಹೇಳಿದರೂ ಪೊಲೀಸರು ಬರೆದುಕೊಳ್ಳಬೇಕು, ಕಾನೂನು ಹಾಗೇ ಇದೆ. ಆದರೂ ಆಗುವುದಾದರೆ ನಿಮ್ಮ ಕೈಯಲ್ಲೇ ಬರೆದುಕೊಂಡು ಹೋಗಿ ಅಂತ ನನ್ನ ಸಲಹೆ. ಒಮ್ಮೆ ಪರಿಚಯದ ಹೆಂಗಸೊಬ್ಬರ ಜೊತೆ ಠಾಣೆಗೆ ಹೋಗಿದ್ದೆ. ಅವರು ಹೇಳಿದ್ದು "ಕೂದಲು ಹಿಡಿದು ಗೋಡೆಗೆ ಗುದ್ದಿದ" ಅಂತ. ಬರೆದುಕೊಂಡವರು ಬರೆದದ್ದು "ತಳ್ಳಾಡಿರುತ್ತಾರೆ" ಅಂತ. ಸಹಿಗೆ ಮುಂಚೆ ಓದಿಸಿ ಕೇಳಿದ್ದಕ್ಕೆ ಗೊತ್ತಾಯ್ತು. ಇಲ್ಲದಿದ್ದರೆ ಇಡೀ ಕೇಸು ಆ ಒಂದು ಪದದ ಮೇಲೆ ನಿಲ್ಲುತ್ತಿತ್ತು.

ಒಂದು ಬಿಳಿ ಹಾಳೆ ಸಾಕು. ಭಾಷೆ ಚೆಂದ ಇರಬೇಕಾಗಿಲ್ಲ, ಮನೆಮಾತಿನಲ್ಲೇ ಬರೆಯಿರಿ. ಯಾವ ದಿನ, ಎಷ್ಟು ಗಂಟೆ, ಯಾವ ಜಾಗ. ಯಾರು, ಹೆಸರು ಗೊತ್ತಿಲ್ಲದಿದ್ದರೆ ಎತ್ತರ, ಬಟ್ಟೆ, ಮಾತಿನ ಧಾಟಿ, ಗಾಡಿ ನಂಬರ್. ಏನೇನು ಮಾಡಿದ, ಒಂದಾದ ಮೇಲೊಂದರಂತೆ. ಏನು ಅಂದ, ಅದೇ ಶಬ್ದಗಳಲ್ಲಿ, ಬೈಗುಳವಿದ್ದರೆ ಬೈಗುಳವನ್ನೇ ಬರೆಯಿರಿ. "ಅವಾಚ್ಯ ಶಬ್ದಗಳಿಂದ ನಿಂದಿಸಿದ" ಅಂತ ಬರೆದರೆ ಅಲ್ಲಿ ಬೆದರಿಕೆ ಇತ್ತಾ, ಜಾತಿ ಹಿಡಿದು ಬೈದನಾ ಒಂದೂ ಗೊತ್ತಾಗಲ್ಲ. ದಾರಿ ಅಡ್ಡಗಟ್ಟಿದ್ದರೆ, ಕೋಣೆಯಲ್ಲಿ ಕೂಡಿ ಹಾಕಿದ್ದರೆ, ದೊಣ್ಣೆಯೋ ಚಾಕೋ ಇದ್ದರೆ ಬಿಡದೆ ಸೇರಿಸಿ. ಅಂಥ ಒಂದು ಸಾಲಿನಿಂದಲೇ ಪೊಲೀಸರು ಎಫ್‌ಐಆರ್ ಮಾಡಲೇಬೇಕಾದ ಕೇಸಾಗಬಹುದು, ಯಾಕೆಂದು ಮುಂದೆ ಹೇಳುತ್ತೇನೆ. ನೋಡಿದವರು ಯಾರು, ಸಿಸಿ ಕ್ಯಾಮೆರಾ ಎಲ್ಲಿದೆ ಅದನ್ನೂ ಬರೆಯಿರಿ. ಕ್ಯಾಮೆರಾ ದೃಶ್ಯ ಕೆಲವೇ ದಿನದಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಬೇಗ ತೆಗೆಸಿ ಅಂತ ಅರ್ಜಿಯಲ್ಲೇ ಕೇಳಿ.

ಆಗದೇ ಇದ್ದದ್ದನ್ನು ಒಂದು ಸಾಲೂ ಸೇರಿಸಬೇಡಿ. ಕೇಸು ಗಟ್ಟಿಯಾಗಲಿ ಅಂತ ಅಕ್ಕಪಕ್ಕದವರು ಹೇಳಿಕೊಡುತ್ತಾರೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಕೋರ್ಟು ಅನುಮಾನದಿಂದ ನೋಡುತ್ತದೆ.

ತಡವಾಗಿದೆಯಾ? ಯಾಕೆ ತಡವಾಯ್ತು ಅಂತ ಎರಡು ಸಾಲು ಬರೆಯಿರಿ. ಭಯ, ಬೆದರಿಕೆ, ಮಾನದ ಚಿಂತೆ, ಆಸ್ಪತ್ರೆಯಲ್ಲಿದ್ದದ್ದು, ಏನಿತ್ತೋ ಅದು. ಲೈಂಗಿಕ ಅಪರಾಧದಲ್ಲಿ ತಡವಾದ ಒಂದೇ ಕಾರಣಕ್ಕೆ ದೂರನ್ನು ಸುಳ್ಳು ಅನ್ನಬಾರದು ಅಂತ ಸುಪ್ರೀಂ ಕೋರ್ಟ್ 1996ರಿಂದಲೂ ಹೇಳುತ್ತಾ ಬಂದಿದೆ. ಆದರೆ ಸಣ್ಣ ಅಪರಾಧಗಳಿಗೆ ಕಾಲಮಿತಿ ಇದೆ. 1 ವರ್ಷದವರೆಗೆ ಶಿಕ್ಷೆ ಇರುವ ಸಾಮಾನ್ಯ ಗಾಯದಂಥವಕ್ಕೆ ಒಂದು ವರ್ಷ, 3 ವರ್ಷದವರೆಗೆ ಶಿಕ್ಷೆ ಇರುವವಕ್ಕೆ ಮೂರು ವರ್ಷ. ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಿಗೆ ಮಿತಿಯಿಲ್ಲ.

4. ಎಫ್‌ಐಆರ್

ಎಫ್‌ಐಆರ್ ಅಂದರೆ ಪ್ರಥಮ ವರ್ತಮಾನ ವರದಿ. ಪೊಲೀಸರು ತನಿಖೆ ಶುರು ಮಾಡುವ ಕಾಗದ. ಅಪರಾಧಗಳಲ್ಲಿ ಎರಡು ಬಗೆ. ಸಂಜ್ಞೇಯ ಅಂದರೆ ಪೊಲೀಸರು ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಮಾಡಬಹುದಾದದ್ದು. ಅಸಂಜ್ಞೇಯ ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕಾದದ್ದು. ತೀವ್ರ ಗಾಯ, ಅಪಾಯಕಾರಿ ಆಯುಧದ ಗಾಯ, ದಾರಿ ಅಡ್ಡಗಟ್ಟುವುದು, ಕೂಡಿ ಹಾಕುವುದು, ಅತ್ಯಾಚಾರ, ಕಲಂ 74ರಿಂದ 79ರವರೆಗಿನ ಲೈಂಗಿಕ ಅಪರಾಧಗಳು ಸಂಜ್ಞೇಯ. ಕೈಯಿಂದ ಹೊಡೆದ ಸಾಮಾನ್ಯ ಗಾಯ ಅಸಂಜ್ಞೇಯ. "ಎನ್‌ಸಿ ಮಾಡ್ತೀವಿ" ಅಂತಾರಲ್ಲ, ಅದು ಇದೇ. ಒಂದೇ ಘಟನೆಯಲ್ಲಿ ಎರಡೂ ಬಗೆಯ ಅಪರಾಧ ಇದ್ದರೆ ಇಡೀ ಕೇಸು ಸಂಜ್ಞೇಯ ಅಂತಲೇ ಲೆಕ್ಕ. ದೂರಿನಲ್ಲಿ ಎಲ್ಲವನ್ನೂ ಬಿಡದೆ ಬರೆಯಿರಿ ಅಂದದ್ದು ಇದಕ್ಕೇ.

ಠಾಣೆಯಲ್ಲಿ ನಿಮಗೆ ಇರುವ ಹಕ್ಕುಗಳು:

- ಯಾವ ಠಾಣೆಗೆ ಬೇಕಾದರೂ ಹೋಗಬಹುದು. "ಇದು ನಮ್ಮ ಲಿಮಿಟ್ಸ್ ಅಲ್ಲ" ಅನ್ನುವಂತಿಲ್ಲ. ಅವರು ಜೀರೊ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು.
- ಲೈಂಗಿಕ ಅಪರಾಧದಲ್ಲಿ ಹೆಣ್ಣಿನ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅಂಗವೈಕಲ್ಯ ಇದ್ದವರ ಮನೆಗೇ ಅಥವಾ ಅವರಿಗೆ ಅನುಕೂಲವಾದ ಜಾಗಕ್ಕೇ ಬರಬೇಕು, ಸನ್ನೆ ಭಾಷೆ ಬಲ್ಲವರನ್ನೋ ವಿಶೇಷ ಶಿಕ್ಷಕರನ್ನೋ ಕರೆತರಬೇಕು, ವಿಡಿಯೊ ಮಾಡಬೇಕು.
- ಇ-ದೂರು ಕಳಿಸಬಹುದು. ಮೂರು ದಿನದೊಳಗೆ ಸಹಿ ಹಾಕಬೇಕು.
- ಎಫ್‌ಐಆರ್ ಪ್ರತಿ ಉಚಿತ. ಕೇಳಿ ಪಡೆಯಿರಿ.

ಈಗ ಓದುಗರು ಜಾಸ್ತಿ ಎಡವುವ ಜಾಗ. ಎಷ್ಟೋ ಕಡೆ ದೂರು ಇಸಿದುಕೊಂಡು, ಎದುರಿನವನನ್ನು ಕರೆಸಿ, "ಇನ್ನು ಮುಂದೆ ಹೀಗೆ ಮಾಡಲ್ಲ" ಅಂತ ಮುಚ್ಚಳಿಕೆ ಬರೆಸಿ ಕಳಿಸಿಬಿಡುತ್ತಾರೆ. ನಿಮ್ಮ ಕೈಗೆ ಒಂದು ಹಿಂಬರಹ ಬರುತ್ತದೆ, "ಅರ್ಜಿ ವಿಚಾರಣೆ ಮಾಡಿ ಮುಕ್ತಾಯಗೊಳಿಸಲಾಗಿದೆ" ಅಂತ. ನೋಡಲು ಸರ್ಕಾರಿ ಸೀಲು, ಸಹಿ ಎಲ್ಲಾ ಇರುತ್ತದೆ. ಅದು ಎಫ್‌ಐಆರ್ ಅಲ್ಲ. ಎಫ್‌ಐಆರ್ ಆಗಿದ್ದರೆ ಮೇಲೆ ಕ್ರೈಂ ನಂಬರ್ ಮತ್ತು ವರ್ಷ ಇರುತ್ತದೆ, ಕಲಂಗಳ ಪಟ್ಟಿ ಇರುತ್ತದೆ. ಆ ನಂಬರ್ ನೋಡಿಕೊಳ್ಳದೆ ಠಾಣೆ ಬಿಡಬೇಡಿ. ಅತ್ಯಾಚಾರದಂಥ ಪ್ರಕರಣದಲ್ಲಿ ಠಾಣೆಯಲ್ಲಾಗಲಿ ಊರ ಪಂಚಾಯ್ತಿಯಲ್ಲಾಗಲಿ ರಾಜಿಗೆ ಜಾಗವೇ ಇಲ್ಲ. "ಮದುವೆ ಮಾಡಿಕೊಡ್ತೀವಿ, ಕೇಸು ಬೇಡ" ಅನ್ನುವ ಮಾತಿಗೆ ದಯವಿಟ್ಟು ತಲೆಬಾಗಬೇಡಿ.

ದೂರು ತಗೊಳ್ಳಲೇ ಇಲ್ಲ ಅಂದರೆ ದಾರಿ ಹೀಗಿದೆ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಕೆಲವು ಅಪರಾಧಗಳಲ್ಲಿ ಮಾತ್ರ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದ ಪ್ರಾಥಮಿಕ ವಿಚಾರಣೆ ಮಾಡಬಹುದು. ನಿರಾಕರಿಸಿದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಅಂದರೆ ಎಸ್‌ಪಿಗೆ, ಅಂಚೆಯಲ್ಲಿ ಕಳಿಸಿ. ಕಳಿಸಿದ ರಸೀದಿ ಇಟ್ಟುಕೊಳ್ಳಿ. ಕಮಿಷನರೇಟ್ ಇರುವ ಊರಾದರೆ ಕಮಿಷನರ್ ಕಚೇರಿಗೆ. ಅಲ್ಲೂ ಆಗದಿದ್ದರೆ ಬಿಎನ್‌ಎಸ್‌ಎಸ್ ಕಲಂ 175ರ ಅಡಿ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಆ ಅಂಚೆ ರಸೀದಿ ಇಲ್ಲಿ ಬೇಕಾಗುತ್ತದೆ. ಅತ್ಯಾಚಾರ, ಆ್ಯಸಿಡ್ ದಾಳಿ, ಕಲಂ 74ರಂಥ ಅಪರಾಧಗಳ ದೂರು ದಾಖಲಿಸದ ಅಧಿಕಾರಿಗೆ ಬಿಎನ್‌ಎಸ್ ಕಲಂ 199ರಲ್ಲಿ 6 ತಿಂಗಳಿಂದ 2 ವರ್ಷ ಶಿಕ್ಷೆ ಇದೆ. ಠಾಣೆಯಲ್ಲಿ ಜಗಳವಾಡಬೇಡಿ. "ಸರ್, 199 ಇದೆಯಲ್ಲ" ಅಂತ ಮೆತ್ತಗೆ ಹೇಳಿದರೂ ಎಷ್ಟೋ ಸಲ ಕೆಲಸ ಆಗುತ್ತದೆ.

ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಆರೋಪಿ ಆ ಸಮುದಾಯದವನಲ್ಲದಿದ್ದರೆ ಅದನ್ನು ದೂರಿನಲ್ಲೇ ಬರೆಯಿರಿ. ದೌರ್ಜನ್ಯ ತಡೆ ಕಾಯ್ದೆ ಸೇರಿದರೆ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಅನ್ನುವಂತಿಲ್ಲ, ಡಿವೈಎಸ್‌ಪಿ ದರ್ಜೆಯವರು ತನಿಖೆ ಮಾಡಬೇಕು, ಪರಿಹಾರ ಹಂತ ಹಂತವಾಗಿ ಬರುತ್ತದೆ.

5. ಹೇಳಿಕೆ ಕೊಡುವುದು

ಎಫ್‌ಐಆರ್ ಆದ ಮೇಲೆ ಪೊಲೀಸರು ವಿವರವಾಗಿ ಹೇಳಿಕೆ ತಗೊಳ್ಳುತ್ತಾರೆ. ಹೆಂಗಸರನ್ನು ಇದಕ್ಕಾಗಿ ಠಾಣೆಗೆ ಬಾ ಅಂತ ಕರೆಯುವಂತಿಲ್ಲ, ಅವರೇ ನಿಮ್ಮ ಮನೆಗೆ ಬರಬೇಕು. ಅತ್ಯಾಚಾರದ ಪ್ರಕರಣದಲ್ಲಿ ನಿಮ್ಮ ಮನೆಯಲ್ಲೋ ನೀವು ಹೇಳಿದ ಜಾಗದಲ್ಲೋ ಮಹಿಳಾ ಅಧಿಕಾರಿಯೇ, ಆದಷ್ಟೂ ಅಪ್ಪ ಅಮ್ಮ ಅಥವಾ ಹತ್ತಿರದವರ ಎದುರು, ಬರೆದುಕೊಳ್ಳಬೇಕು. ಈ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಸಹಿ ಬೇಕಾದದ್ದು ದೂರಿಗೆ. ಖಾಲಿ ಹಾಳೆಗೆ ಸಹಿ ಕೇಳಿದರೆ ಯಾವ ಕಾರಣಕ್ಕೂ ಹಾಕಬೇಡಿ.

ಲೈಂಗಿಕ ಅಪರಾಧಗಳಲ್ಲಿ ಇನ್ನೊಂದು ಹೇಳಿಕೆ ಮ್ಯಾಜಿಸ್ಟ್ರೇಟರ ಮುಂದೆ ಆಗುತ್ತದೆ. ಹಳಬರು ಇದನ್ನು '164 ಸ್ಟೇಟ್‌ಮೆಂಟ್' ಅಂತಲೇ ಕರೆಯುತ್ತಾರೆ, ಈಗ ಬಿಎನ್‌ಎಸ್‌ಎಸ್ ಕಲಂ 183. ಸಾಧ್ಯವಾದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟ್ ಇರಬೇಕು. ಅವರಿಲ್ಲದಿದ್ದರೆ ಪುರುಷ ಮ್ಯಾಜಿಸ್ಟ್ರೇಟ್ ಒಬ್ಬ ಮಹಿಳೆಯ ಎದುರು ದಾಖಲಿಸಬೇಕು. ಕೋರ್ಟಿನಲ್ಲಿ ಈ ಹೇಳಿಕೆಗೆ ತುಂಬಾ ತೂಕ. ಹಿಂದಿನ ದಿನ ನಿಮ್ಮ ದೂರಿನ ಪ್ರತಿಯನ್ನು ಸಾವಧಾನವಾಗಿ ಓದಿಕೊಳ್ಳಿ. ನೆನಪಿಲ್ಲದ್ದಕ್ಕೆ "ನೆನಪಿಲ್ಲ" ಅಂತ ಹೇಳಿ, ಊಹಿಸಿ ಹೇಳಬೇಡಿ.

ಹೊಡೆದವನು ಗಂಡನಾದರೆ

ಗಾಯದ ಕಲಂಗಳು ಗಂಡನಿಗೂ ಅನ್ವಯಿಸುತ್ತವೆ. ಅದರ ಜೊತೆ ಬಿಎನ್‌ಎಸ್ ಕಲಂ 85, ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ 3 ವರ್ಷದವರೆಗೆ ಶಿಕ್ಷೆ. ಜೈಲಿಗಿಂತ ಮೊದಲು ಮನೆಯಲ್ಲಿ ನೆಮ್ಮದಿ ಬೇಕು ಅನ್ನುವವರಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಹತ್ತಿರ ಬರಬಾರದು ಅನ್ನುವ ರಕ್ಷಣಾ ಆದೇಶ, ಮನೆಯಿಂದ ಹೊರಹಾಕಬಾರದು ಅನ್ನುವ ಆದೇಶ, ಖರ್ಚಿಗೆ ಹಣ, ಮಕ್ಕಳನ್ನು ಸದ್ಯಕ್ಕೆ ನಿಮ್ಮ ಬಳಿಯೇ ಇಟ್ಟುಕೊಳ್ಳುವುದು ಇವೆಲ್ಲ ಒಂದೇ ಅರ್ಜಿಯಲ್ಲಿ ಕೇಳಬಹುದು. ಮನೆ ಯಾರ ಹೆಸರಿನಲ್ಲಿದೆ ಅನ್ನುವುದು ಮುಖ್ಯವಲ್ಲ. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ, ರಕ್ಷಣಾಧಿಕಾರಿಯಾಗಿರುತ್ತಾರೆ. ಅಂಗನವಾಡಿ ಟೀಚರನ್ನು ಕೇಳಿದರೆ ಆ ಕಚೇರಿ ಎಲ್ಲಿದೆ ಹೇಳುತ್ತಾರೆ. ಆದೇಶ ಮುರಿದರೆ 1 ವರ್ಷದವರೆಗೆ ಜೈಲು. ಈ ಅರ್ಜಿ, ಎಫ್‌ಐಆರ್ ಎರಡೂ ಒಟ್ಟಿಗೇ ನಡೆಯಬಹುದು.

ಒಂದು ಕಹಿ ಸತ್ಯ ಹೇಳಲೇಬೇಕು. ಹದಿನೆಂಟು ದಾಟಿದ ಹೆಂಡತಿಯ ಮೇಲೆ ಗಂಡ ಮಾಡುವ ಬಲಾತ್ಕಾರವನ್ನು ಬಿಎನ್‌ಎಸ್ 63 ಈಗಲೂ ಅತ್ಯಾಚಾರ ಅಂತ ಕರೆಯುವುದಿಲ್ಲ. ಬೇರೆ ಬೇರೆ ವಾಸವಿದ್ದಾಗ ಮಾಡಿದರೆ ಕಲಂ 67ರಲ್ಲಿ ಶಿಕ್ಷೆ ಇದೆ. ಒಟ್ಟಿಗೆ ಇದ್ದಾಗ ನಡೆದದ್ದಕ್ಕೆ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ 'ಲೈಂಗಿಕ ದೌರ್ಜನ್ಯ' ಅಂತಲೇ ಸ್ಪಷ್ಟವಾಗಿ ಇದೆ, ಆ ದಾರಿ ಹಿಡಿಯಿರಿ. ಈ ವಿನಾಯಿತಿ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾನೂನಿನ ಇನ್ನೊಂದು ಕೊರತೆ: ವಯಸ್ಕ ಗಂಡಸಿನ ಮೇಲೆ ಅತ್ಯಾಚಾರವಾದರೆ ಅದಕ್ಕೇ ಅಂತ ಕಲಂ ಬಿಎನ್‌ಎಸ್‌ನಲ್ಲಿಲ್ಲ. ಗಾಯ, ಕೂಡಿ ಹಾಕುವುದು, ಬೆದರಿಕೆಯ ಕಲಂಗಳಲ್ಲೇ ದೂರು ಕೊಡಬೇಕು.

ಮಗುವಾದರೆ, ಕೆಲಸದ ಜಾಗವಾದರೆ

18 ತುಂಬದವರೆಲ್ಲ, ಹುಡುಗನೇ ಆಗಲಿ ಹುಡುಗಿಯೇ ಆಗಲಿ, 2012ರ ಪೋಕ್ಸೊ ಕಾಯ್ದೆಯಡಿ ಬರುತ್ತಾರೆ. ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಟ್ಟರೆ ಅದೂ ಅಪರಾಧ. ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ, ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು. ನೀವು ಮಾತ್ರ ಮಗುವನ್ನು ಮತ್ತೆ ಮತ್ತೆ ಕೇಳಬೇಡಿ. ಅದು ಹೇಳಿದ ಮಾತನ್ನು ಅದರದೇ ಶಬ್ದದಲ್ಲಿ ಬರೆದಿಡಿ.

ಕೆಲಸದ ಜಾಗದಲ್ಲಿ ಕಿರುಕುಳವಾದರೆ, 10 ಅಥವಾ ಹೆಚ್ಚು ಜನ ಇರುವಲ್ಲಿ ಆಂತರಿಕ ಸಮಿತಿ ಇರಬೇಕು. ಅಷ್ಟು ಜನ ಇಲ್ಲದ ಕಡೆ, ಮನೆಗೆಲಸದವರಿಗೆ ಕೂಡ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ದೂರು 3 ತಿಂಗಳೊಳಗೆ ಕೊಡಬೇಕು. ಸಮಿತಿಗೆ ಹೋದರೆ ಪೊಲೀಸರ ಬಳಿ ಹೋಗಬಾರದು ಅಂತೇನಿಲ್ಲ.

6. ತನಿಖೆ, ಜಾಮೀನು, ಬಿ ರಿಪೋರ್ಟ್

ಅತ್ಯಾಚಾರ ಮತ್ತು ಪೋಕ್ಸೊ ಪ್ರಕರಣಗಳ ತನಿಖೆ 2 ತಿಂಗಳಲ್ಲಿ ಮುಗಿಯಬೇಕು. ಯಾವ ಕೇಸೇ ಆಗಲಿ, ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕು. ತಿಳಿಸದಿದ್ದರೆ ಕ್ರೈಂ ನಂಬರ್ ಹಾಕಿ ಬರವಣಿಗೆಯಲ್ಲಿ ಕೇಳಿ.

ಆರೋಪಿ ಜಾಮೀನು ಕೇಳಿದಾಗ ನಿಮ್ಮ ಮಾತನ್ನೂ ಕೋರ್ಟು ಕೇಳಬೇಕು. ನೊಂದವರಿಗೆ ಪ್ರತಿ ಹಂತದಲ್ಲೂ ಮಾತಾಡುವ ಹಕ್ಕಿದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೆದರಿಕೆ ಕರೆ ಬರುತ್ತಿದ್ದರೆ, ಮನೆ ಮುಂದೆ ಬೈಕು ತಂದು ನಿಲ್ಲಿಸುತ್ತಿದ್ದರೆ, ದಿನಾಂಕ ಹಾಕಿ ಬರೆದು ಸರ್ಕಾರಿ ವಕೀಲರಿಗೆ ಕೊಡಿ. 2018ರ ಸಾಕ್ಷಿ ರಕ್ಷಣಾ ಯೋಜನೆಯಲ್ಲಿ ಪೊಲೀಸ್ ರಕ್ಷಣೆ ಕೇಳಿಯೂ ಅರ್ಜಿ ಹಾಕಬಹುದು.

ತನಿಖೆ ಮುಗಿದ ಮೇಲೆ ಎರಡರಲ್ಲೊಂದು. ಸಾಕ್ಷ್ಯ ಇದ್ದರೆ ಚಾರ್ಜ್‌ಶೀಟ್, ಅಂದರೆ ದೋಷಾರೋಪ ಪಟ್ಟಿ. ಇಲ್ಲ ಅಂತ ಪೊಲೀಸರಿಗೆ ಅನಿಸಿದರೆ ಬಿ ರಿಪೋರ್ಟ್. ಬಿ ರಿಪೋರ್ಟ್ ಹಾಕಿದರೆ ಎಲ್ಲಾ ಮುಗೀತು ಅಂದುಕೊಳ್ಳಬೇಡಿ. ಕೋರ್ಟಿನಿಂದ ನಿಮಗೆ ನೋಟಿಸ್ ಬರುತ್ತದೆ. ಆ ದಿನ ಹಾಜರಾಗಿ ತಕರಾರು ಅರ್ಜಿ ಹಾಕಬಹುದು. ವಿಳಾಸ ಬದಲಾಗಿ ನೋಟಿಸ್ ಸಿಗದೆ ಕೇಸು ಮುಚ್ಚಿಹೋದದ್ದು ಎಷ್ಟೋ ಇದೆ. ಮನೆ ಬದಲಿಸಿದರೆ ಠಾಣೆಗೂ ಕೋರ್ಟಿಗೂ ಹೊಸ ವಿಳಾಸ ಕೊಡಿ.

7. ಕೋರ್ಟು

ನಿಮ್ಮ ಪರವಾಗಿ ಸರ್ಕಾರಿ ವಕೀಲರೇ ಕೇಸು ನಡೆಸುತ್ತಾರೆ, ಫೀಸು ಇಲ್ಲ. ಅವರಿಗೆ ನೆರವಾಗಲು ಕೋರ್ಟಿನ ಅನುಮತಿ ಪಡೆದು ನಿಮ್ಮ ವಕೀಲರನ್ನೂ ಇಟ್ಟುಕೊಳ್ಳಬಹುದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಕೋರ್ಟಿನ ಆವರಣದಲ್ಲೇ ಇರುತ್ತದೆ.

ಅತ್ಯಾಚಾರ ಪ್ರಕರಣದ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು. ನಿಮ್ಮ ಹಿಂದಿನ ಸಂಬಂಧಗಳ ಬಗ್ಗೆ, ನಡತೆಯ ಬಗ್ಗೆ ಒಪ್ಪಿಗೆ ಸಾಬೀತು ಮಾಡುವ ನೆಪದಲ್ಲಿ ಪ್ರಶ್ನೆ ಕೇಳುವಂತಿಲ್ಲ. ಕೇಳಿದರೆ ಉತ್ತರಿಸುವ ಮುಂಚೆ ನ್ಯಾಯಾಧೀಶರ ಕಡೆ ತಿರುಗಿ "ಇದಕ್ಕೆ ನಾನು ಉತ್ತರ ಕೊಡಬೇಕಾ ಸ್ವಾಮಿ?" ಅಂತ ಕೇಳಿ. ಹೆಸರು, ಊರು, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ, ಕಲಂ 72ರಲ್ಲಿ 2 ವರ್ಷದವರೆಗೆ ಶಿಕ್ಷೆ ಇದೆ. ಸಹಾನುಭೂತಿಯಿಂದಲೇ ಆದರೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಫೋಟೊ ಹಂಚಬೇಡಿ ಅಂತ ಊರವರಿಗೆ ಹೇಳಿ.

ಅತ್ಯಾಚಾರ ಪ್ರಕರಣದಲ್ಲಿ ಚಾರ್ಜ್‌ಶೀಟ್ ಆದ ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು ಅಂತ ಕಾನೂನು ಹೇಳುತ್ತದೆ. ನಡೆಯುವಾಗ ಅದಕ್ಕಿಂತ ಎಷ್ಟೋ ಜಾಸ್ತಿ ಹಿಡಿಯುತ್ತದೆ, ಮನಸ್ಸು ಅದಕ್ಕೆ ಸಿದ್ಧವಾಗಿರಲಿ. ಈ ನಡುವೆಯೇ ಹಣದ ಆಮಿಷ, ನೆಂಟರ ಒತ್ತಡ ಬರುತ್ತದೆ. ಸಾಕ್ಷಿ ಹೇಳುವ ದಿನ ಮಾತು ಬದಲಾಯಿಸಿದರೆ 'ಪ್ರತಿಕೂಲ ಸಾಕ್ಷಿ' ಅಂತ ಬರೆಯುತ್ತಾರೆ, ಆಮೇಲೆ ಕೇಸು ನಿಲ್ಲುವುದು ಕಷ್ಟ.

ಆರೋಪಿ ಬಿಡುಗಡೆಯಾದರೆ, ಕಡಿಮೆ ಅಪರಾಧಕ್ಕೆ ಮಾತ್ರ ಶಿಕ್ಷೆಯಾದರೆ ಅಥವಾ ಪರಿಹಾರ ಸಾಲದು ಅನಿಸಿದರೆ ನೀವೇ ಮೇಲ್ಮನವಿ ಹಾಕಬಹುದು. ಸರ್ಕಾರ ಹಾಕಲಿ ಅಂತ ಕಾಯಬೇಕಾಗಿಲ್ಲ. ಕರ್ನಾಟಕದಿಂದ ಹೋದ ಹಲ್ಲೆ ಪ್ರಕರಣವೊಂದರಲ್ಲೇ 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿತು: ಬಿಡುಗಡೆಯ ವಿರುದ್ಧ ಮೇಲ್ಮನವಿ ಹಾಕಲು ನೊಂದವರು ಹೈಕೋರ್ಟಿನ ವಿಶೇಷ ಅನುಮತಿ ಪಡೆಯಬೇಕಾಗಿಲ್ಲ.

8. ಪರಿಹಾರದ ಹಣ

ಇದಕ್ಕೆ ತೀರ್ಪು ಬರುವವರೆಗೆ ಕಾಯಬೇಕು ಅಂದುಕೊಂಡವರೇ ಹೆಚ್ಚು. ಬೇಡ. ಎಫ್‌ಐಆರ್ ಆದ ತಕ್ಷಣ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಮಧ್ಯಂತರ ಪರಿಹಾರ ಕೇಳಬಹುದು. ಆರೋಪಿ ಸಿಗದಿದ್ದರೂ ಕೇಳಬಹುದು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ ಅಂತ ಇದೆ. ಕರ್ನಾಟಕಕ್ಕೆ 2011ರ ತನ್ನದೇ ಸಂತ್ರಸ್ತರ ಪರಿಹಾರ ಯೋಜನೆಯೂ ಇದೆ, ಗಂಡಸರೂ ಅದರಡಿ ಅರ್ಜಿ ಹಾಕಬಹುದು.

ಅರ್ಜಿಯ ಜೊತೆ ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಕಾಗದ, ಔಷಧದ ಬಿಲ್ಲುಗಳು, ಕೆಲಸಕ್ಕೆ ಹೋಗಲಾಗದ ದಿನಗಳ ವಿವರ, ಆಧಾರ್, ನಿಮ್ಮ ಹೆಸರಿನಲ್ಲೇ ಇರುವ ಬ್ಯಾಂಕ್ ಖಾತೆಯ ಪಾಸ್‌ಬುಕ್ ಪ್ರತಿ ಇಡಿ. ಗಂಡನ ಅಥವಾ ಅಣ್ಣನ ಖಾತೆ ಕೊಡಬೇಡಿ. ಅರ್ಜಿ ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡೇ ಕಚೇರಿಯಿಂದ ಹೊರಡಿ.